ಒಮಾಹಾಕ್ಕೆ ಹೊರಟಿದ್ದ ಬಸ್ಸು

ನಾರ್ವಿಕ್ ಊರಿನ ಡೆಲ್ಬರ್ಟ್ ಕ್ಲೂವರನಿಗೆ ಇದ್ದ ಕೊರತೆ ಒಂದೇ. ಅವನು ಬಾಯಿ ತೆರೆದ ಕೂಡಲೇ ಎದುರಿಗಿದ್ದವರಿಗೆ ಬೇರೆಲ್ಲೋ ಏನೋ ಕೆಲಸವಿರುವುದು ನೆನಪಾಗುತ್ತಿತ್ತು. ಮನುಷ್ಯ ಕೆಟ್ಟವನಲ್ಲ. ಅಮೆರಿಕದ ಅಯೋವಾ ರಾಜ್ಯದ ಚಳಿಗಾಲದಲ್ಲಿ ಮನೆ ಕಾಯಿಸುವ ಫರ್ನೇಸು ಕೆಟ್ಟು ನಿಂತರೆ ಇಡೀ ಊರು ಅವನ ಹೆಸರನ್ನೇ ಜಪಿಸುತ್ತಿತ್ತು; ರಿಪೇರಿಯಾಗಿ ಬೆಚ್ಚಗಾದ ಮೇಲೆ ಅಷ್ಟೇ ಶ್ರದ್ಧೆಯಿಂದ ಮರೆಯುತ್ತಿತ್ತು. ಬೆಳಗ್ಗೆ ಧಾನ್ಯದ ಗೋದಾಮಿನ ಆಫೀಸಿನಲ್ಲಿ ಗಂಡಸರು ಕಾಫಿಗೆ ಸೇರಿದಾಗ ಒಬ್ಬೊಬ್ಬರಿಗೂ ಹೇಳಿಕೊಳ್ಳಲು ಏನಾದರೊಂದು ಇರುತ್ತಿತ್ತು. ಒಬ್ಬನ ಹೋರಿ ರಾಜ್ಯದ ಪ್ರದರ್ಶನದಲ್ಲಿ ಪದಕ ಗೆದ್ದಿತ್ತು. ಇನ್ನೊಬ್ಬನ ಭಾವಮೈದುನ ಟೀವಿಯಲ್ಲಿ ಹವಾಮಾನ ಹೇಳುತ್ತಿದ್ದ, ಅದೂ ತಪ್ಪುತಪ್ಪಾಗಿ. ಆದರೂ ಟೀವಿ ಟೀವಿಯೇ. ಪೋಸ್ಟ್‌ಮಾಸ್ಟರ್ ಲೈಲ್ ಫೆನ್ಸ್ಕೆಗಂತೂ ಎಲ್ಲರ ಮನೆಯ ಸುದ್ದಿಯೂ ಅವರವರಿಗಿಂತ ಮೊದಲೇ ತಿಳಿಯುತ್ತಿತ್ತು. ಡೆಲ್ಬರ್ಟನ ಬಳಿ ಇದ್ದದ್ದು ರಿಪೇರಿ ಸಾಮಾನಿನ ಒಂದು ಪೆಟ್ಟಿಗೆ.

ಹೀಗಿರುವಾಗ ಆ ಜನವರಿಯಲ್ಲಿ ಅವನಿಗೆ ಡೆ ಮೊಯಿನ್ ಪಟ್ಟಣದ ಹಳೆಯ ಕ್ರೀಡಾಂಗಣವೊಂದರ ಬಾಯ್ಲರ್ ನೋಡಲು ಕರೆ ಬಂತು. ಅಲ್ಲಿ ಪ್ರೇರಿ ಲಾರ್ಕ್ಸ್ ತಂಡ ಅಭ್ಯಾಸ ನಡೆಸಿತ್ತು. ಹೆಂಗಸರು ಸಂಬಳ ಪಡೆದು ಬ್ಯಾಸ್ಕೆಟ್‌ಬಾಲ್ ಆಡುವ ಲೀಗು ಹುಟ್ಟಿ ಅದು ಎರಡನೆಯ ಚಳಿಗಾಲ. ಪತ್ರಿಕೆಗಳು ಆ ಸುದ್ದಿಯನ್ನು ಹಂದಿ ಮಾರುಕಟ್ಟೆಯ ಧಾರಣೆಯ ಕೆಳಗೆ, ಜಾಗ ಉಳಿದರೆ ಹಾಕುತ್ತಿದ್ದವು. ಕೆಲವು ಪಂದ್ಯಗಳಲ್ಲಿ ನೋಡುವವರಿಗಿಂತ ಆಡುವವರೇ ಹೆಚ್ಚೆಂದು ಜನ ನಗೆಯಾಡುತ್ತಿದ್ದರು. ಆದರೆ ಅಯೋವಾದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಎಂದರೆ ಧರ್ಮಕ್ಕೆ ಸಮ. ಊರೂರಿನ ಶಾಲೆಗಳಲ್ಲಿ ತಾಯಂದಿರು, ಅವರ ತಾಯಂದಿರು ಆಡಿ ಬೆಳೆದ ಆಟ ಅದು. ಡೆಲ್ಬರ್ಟ್ ಬಾಗಿಲ ಬಳಿ ಪೆಟ್ಟಿಗೆ ಇಟ್ಟು, ಬಾಯಿ ತೆರೆದುಕೊಂಡು ನೋಡುತ್ತ ನಿಂತ. ಆಗ ಕೋಚ್ ಬರ್ನೀಸ್ ಟಟಲ್, ಅಂಗಣದ ಆಚೆ ತುದಿಯಿಂದ ಕೂಗಿದರೂ ಕಿವಿಯ ಪಕ್ಕದಲ್ಲೇ ಕೂಗಿದಂತಿರುವ ಹೆಂಗಸು, ಅವನ ಕಡೆ ಬಂದು, "ಡೆಲ್ಬರ್ಟ್, ಆ ಪೆಟ್ಟಿಗೆ ಆಚೆ ಇಡು. ನನ್ನ ಹುಡುಗೀರು ಎಡವಿ ಬೀಳ್ತಾರೆ" ಎಂದಳು.

ಅವನ ಅಂಗಿಯ ಜೇಬಿನ ಮೇಲೆ ಕೆಂಪು ದಾರದಲ್ಲಿ ಅವನ ಹೆಸರು ಹೊಲಿದಿತ್ತು. ಮರುದಿನ ಕಾಫಿಯ ಹೊತ್ತಿಗೆ ಡೆಲ್ಬರ್ಟ್ ಈ ಒಂದು ವಿವರವನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಸತ್ಯವಾಗಿಯೇ ಹೇಳಿದ. ಲಾರ್ಕ್ಸ್ ಕೋಚ್ ತನ್ನನ್ನು ಹೆಸರು ಹಿಡಿದೇ ಕರೆಯುತ್ತಾಳೆ ಎಂದ. ಅಂದು ಮೊದಲ ಬಾರಿಗೆ ಅವನು ಮಾತಾಡುವಾಗ ಯಾರಿಗೂ ಯಾವ ಕೆಲಸವೂ ನೆನಪಾಗಲಿಲ್ಲ.

ಸುದ್ದಿ ಲೈಲ್ ಫೆನ್ಸ್ಕೆಯ ಬಾಯಿಗೆ ಬಿದ್ದ ಮೇಲೆ ಕೇಳಬೇಕೆ. ಮಧ್ಯಾಹ್ನದ ಹೊತ್ತಿಗೆ ಅಂಚೆ ಕಚೇರಿಯಲ್ಲಿ ಡೆಲ್ಬರ್ಟ್ ಕೋಚಿನ ಹಳೆಯ ಗೆಳೆಯನಾಗಿದ್ದ. ಸಂಜೆ ಕಿರಾಣಿ ಅಂಗಡಿಯಲ್ಲಿ ಅವನನ್ನು ಕೇಳದೆ ಆಕೆ ತಂಡವನ್ನೇ ಇಳಿಸುವುದಿಲ್ಲ ಎನ್ನುವಲ್ಲಿಗೆ ಬಂದು ನಿಂತಿತ್ತು. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಬ್ಯಾಂಕಿನ ಮ್ಯಾನೇಜರು ಟೋಪಿ ತೆಗೆದು, ಈ ಸಲ ನಮ್ಮ ಲಾರ್ಕ್ಸ್ ಹೇಗೆ ಎಂದು ವಿಚಾರಿಸಿದ. ಡೆಲ್ಬರ್ಟ್ ಗಂಭೀರವಾಗಿ ಆಕಾಶ ನೋಡಿ, "ಹುಡುಗೀರು ಪರವಾಗಿಲ್ಲ" ಎಂದ. ಇಷ್ಟು ಕಡಿಮೆ ಮಾತಾಡಿದ್ದನ್ನು ಕಂಡು ಮ್ಯಾನೇಜರಿಗೆ ಒಳಗೆ ಏನೋ ದೊಡ್ಡ ವಿಷಯವಿದೆ ಎಂದೇ ಖಾತ್ರಿಯಾಯಿತು.

ಇಲ್ಲಿಗೆ ಮುಗಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಆ ಮೆಟ್ಟಿಲ ಮೇಲೆಯೇ ಥೆಲ್ಮಾ ಹಾಗನ್ ಕೂಡ ಇದ್ದಳು. ಲೂಥರನ್ ಚರ್ಚಿನ ಮಹಿಳಾ ಸಂಘಕ್ಕೆ ಅವಳು ಅಧ್ಯಕ್ಷೆ. ಅವಳ ಮಾತಿಗೆ ಪಾದ್ರಿಯೂ ತಲೆಯಾಡಿಸುತ್ತಿದ್ದ. ಪಕ್ಕದ ಊರಿನ ಕ್ಯಾಥೊಲಿಕ್ಕರು ತಮ್ಮ ಮೀನಿನ ಊಟಕ್ಕೆ ಒಬ್ಬ ಸೆನೆಟರನನ್ನು ಕರೆಸಿ ಮೆರೆದದ್ದು ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಮುಂದಿನ ಶನಿವಾರ ಸಂಜೆ ಲೂಥರನ್ನರ ಚಳಿಗಾಲದ ಊಟ. ಅವಳು ಡೆಲ್ಬರ್ಟನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ನಿನ್ನ ತಂಡನ ಊಟಕ್ಕೆ ಕರ್ಕೊಂಡು ಬಾ."

"ಮಿಸೆಸ್ ಹಾಗನ್, ಅವರಿಗೆ ಬಿಡುವು ಅನ್ನೋದೇ ಇರಲ್ಲ."

"ಉಣ್ಣೋಕೆ ಎಲ್ಲರಿಗೂ ಬಿಡುವಿರತ್ತೆ. ಎಷ್ಟು ಜನ ಅಂತ ಮಾತ್ರ ಹೇಳು, ನೂಡಲ್ಸ್ ಲಟ್ಟಿಸಬೇಕು."

ಡೆಲ್ಬರ್ಟನಿಗೆ ಇಲ್ಲ ಎನ್ನುವ ಧೈರ್ಯ ಬರಲಿಲ್ಲ. ಅದು ಅವನ ಅಜ್ಜನ ಕಾಲದಿಂದ ಆ ಊರಿನ ಯಾವ ಗಂಡಸಿಗೂ ಬಂದಿರಲಿಲ್ಲ. ಮಂಗಳವಾರದೊಳಗೆ ಸುತ್ತಲಿನ ಊರುಗಳ ಕಂಬಕಂಬಕ್ಕೂ ಲಾರ್ಕ್ಸ್ ಬರುವರೆಂಬ ಹಾಳೆಗಳು ಅಂಟಿದವು. ಕ್ಯಾಥೊಲಿಕ್ಕರ ಚರ್ಚಿನ ಎದುರಿನ ಕಂಬಕ್ಕೆ ಮೂರು. ಡೆಲ್ಬರ್ಟ್ ತಂಡದ ಕಚೇರಿಗೆ ಫೋನು ಮಾಡಿದ. ತಾನು ಫರ್ನೇಸಿನ ಡೆಲ್ಬರ್ಟ್ ಎಂದು ಶುರು ಮಾಡುವಷ್ಟರಲ್ಲಿ ಅತ್ತ ಕಡೆಯವರು ತಮಗೆ ಫರ್ನೇಸು ಬೇಕಿಲ್ಲ ಎಂದು ಇಟ್ಟುಬಿಟ್ಟರು. ಮನೆಯಲ್ಲಿ ಹೆಂಡತಿ ಆರ್ಡಿಸ್ ಹೆಚ್ಚು ಕೇಳಲಿಲ್ಲ. ಶುಕ್ರವಾರ ತಿಂಡಿಯ ಹೊತ್ತಿನಲ್ಲಿ, ಅವರು ನಿಜವಾಗಿ ಬರುತ್ತಾರಾ ಎಂದಷ್ಟೇ ಕೇಳಿದಳು. ಅವನು ಹುರಿದ ಮೊಟ್ಟೆಯನ್ನು ಬಹಳ ಹೊತ್ತು ಪರೀಕ್ಷಿಸಿ, ನೋಡೋಣ ಎಂದ.

ಶನಿವಾರ ಬೆಳಗ್ಗೆ ಬೇರೆ ದಾರಿ ಕಾಣದೆ ತನ್ನ ಪಿಕಪ್ ಬಂಡಿ ಹತ್ತಿ ಡೆ ಮೊಯಿನ್‌ಗೇ ಹೊರಟ. ಕೋಚಿನ ಕಾಲಿಗೆ ಬೀಳುವುದೆಂದು ತೀರ್ಮಾನಿಸಿದ್ದ. ಇಡೀ ತಂಡ ಆಗದಿದ್ದರೆ ಒಬ್ಬಳನ್ನಾದರೂ ಬೇಡಿಕೊಳ್ಳುವುದು, ತೀರಾ ಎತ್ತರದವಳನ್ನು. ಅವಳೊಬ್ಬಳೇ ಇಬ್ಬರ ಲೆಕ್ಕಕ್ಕಾದಾಳು.

ಕ್ರೀಡಾಂಗಣದ ಹಿಂಬದಿಯಲ್ಲಿ ಒಂದು ಹಳೆಯ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಅದರ ಚಾಲಕ ಬೆಳಗಿನ ಜಾವ ಮೂತ್ರಪಿಂಡದ ಕಲ್ಲಿನ ನೋವಿಗೆ ಆಸ್ಪತ್ರೆ ಸೇರಿದ್ದ. ಬಾಡಿಗೆ ಬಸ್ಸಿನವರು ಇನ್ನೊಬ್ಬನನ್ನು ಕಳಿಸುತ್ತೇವೆಂದಿದ್ದರು. ಇದ್ಯಾವುದೂ ಡೆಲ್ಬರ್ಟನಿಗೆ ಗೊತ್ತಿರಲಿಲ್ಲ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ ಬರ್ನೀಸ್ ಟಟಲ್ ಅವನ ಅಂಗಿ ನೋಡಿದಳು.

"ಡೆಲ್ಬರ್ಟ್, ಅಂತೂ ಬಂದ್ಯಲ್ಲ. ನಿನಗೇ ಕಾಯ್ತಾ ಇದ್ವಿ."

ಡೆಲ್ಬರ್ಟನಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಥೆಲ್ಮಾ ಹಾಗನ್ ತಾನೇ ಫೋನು ಮಾಡಿ ಒಪ್ಪಿಸಿದ್ದಾಳೆ, ಇದರಲ್ಲಿ ಅನುಮಾನವೇ ಇಲ್ಲ. ಅವಳು ಬಯಸಿದ್ದು ಆಗದೇ ಉಳಿದ ಉದಾಹರಣೆ ನಾರ್ವಿಕ್ ಚರಿತ್ರೆಯಲ್ಲಿರಲಿಲ್ಲ.

"ಬಸ್ಸು ಓಡಿಸ್ತೀಯ ತಾನೇ?" ಎಂದಳು ಕೋಚ್.

"ನಮ್ಮೂರ ಶಾಲೆ ಬಸ್ಸು ಓಡಿಸ್ತೀನಿ ಮೇಡಂ, ಡ್ರೈವರಿಗೆ ಹುಷಾರಿಲ್ಲದಾಗ."

"ದಾರಿ ಗೊತ್ತಲ್ಲ?"

"ಗೊತ್ತಿಲ್ದೆ ಏನು ಮೇಡಂ. ಹುಟ್ಟಿದ್ದೇ ಅಲ್ಲಿ."

"ಆರು ಗಂಟೆಗೆಲ್ಲ ಅಲ್ಲಿರಬೇಕು."

"ಅದಕ್ಕೂ ಮುಂಚೆ ಸೇರಿಸ್ತೀನಿ. ಎಲ್ಲ ತಯಾರಾಗಿದೆ, ನಿಮ್ಮನ್ನೇ ಕಾಯ್ತಿದಾರೆ."

"ಸರಿ, ಹತ್ತು" ಎಂದು ಕೋಚ್ ನೆಗಡಿಯ ಮಾತ್ರೆ ನುಂಗಿ, ಮುಂದಿನ ಸೀಟಿನಲ್ಲಿ ಕೋಟು ಹೊದ್ದು, ಊರು ದಾಟುವ ಮೊದಲೇ ಗೊರಕೆ ಹೊಡೆಯತೊಡಗಿದಳು. ಇಡೀ ಸಂಭಾಷಣೆಯಲ್ಲಿ ಒಬ್ಬರೂ ಒಂದು ಊರಿನ ಹೆಸರನ್ನು ಎತ್ತಲಿಲ್ಲ. ಆ ಸಂಜೆ ಲಾರ್ಕ್ಸ್ ತಂಡ ಆಡಬೇಕಿದ್ದದ್ದು ಪಕ್ಕದ ರಾಜ್ಯ ನೆಬ್ರಾಸ್ಕಾದ ಒಮಾಹಾದಲ್ಲಿ.

ಅರ್ಧ ದಾರಿ ಒಂದೇ ಹೆದ್ದಾರಿಯಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಹಿಂದಿನ ಸೀಟುಗಳಲ್ಲಿ ಹುಡುಗಿಯರು ಕಂಬಳಿ ಸುತ್ತಿಕೊಂಡು ಇಸ್ಪೀಟು ಆಡುತ್ತಿದ್ದರು. ಬಸ್ಸಿನ ಹೀಟರು ಸತ್ತಿತ್ತು. ಉಸಿರಿನ ಹಬೆ ಕೂತು ಗಾಜುಗಳೆಲ್ಲ ಬೆಳ್ಳಗಾಗಿದ್ದವು. ತಂಡದ ಅತಿ ಎತ್ತರದ ಆಟಗಾರ್ತಿ ಲವೀನಿಯಾ ಪ್ರೂಯಿಟ್ ಮಿಸಿಸಿಪಿಯವಳು. ಹಿಮ ಎಂದರೆ ದೇವರು ಕೊಟ್ಟ ಶಿಕ್ಷೆಯೆಂದು ನಂಬಿದ್ದಳು. ಡೆಲ್ಬರ್ಟ್ ಹೆದ್ದಾರಿ ಬಿಟ್ಟು ಉತ್ತರಕ್ಕೆ ತಿರುಗಿದಾಗ ಅವಳು ಮೊಣಕಾಲುಗಳನ್ನು ಮಡಿಸಿಕೊಂಡು ಮುಂದೆ ಬಂದು, ಗಾಜು ಒರೆಸಿ ಹೊರಗೆ ನೋಡಿದಳು. ಕೊಯ್ದು ಬಿಟ್ಟ ಜೋಳದ ಹೊಲ, ಅದರಾಚೆ ಜೋಳದ ಹೊಲ. ನೆಬ್ರಾಸ್ಕಾ ಬಂತೇ ಎಂದು ಕೇಳಿದಳು. ಡೆಲ್ಬರ್ಟ್ ಅದನ್ನು ತಮಾಷೆಯೆಂದು ತಿಳಿದು ಮನಸಾರೆ ನಕ್ಕ. ಅವಳೂ ಸೌಜನ್ಯಕ್ಕೆ ನಕ್ಕು ಹೋಗಿ ಕೂತಳು. ಅಷ್ಟು ಹೊತ್ತಿಗೆ ಹಿಮ ಶುರುವಾಗಿತ್ತು, ಮೊದಲು ನೇರವಾಗಿ, ಆಮೇಲೆ ಅಡ್ಡಡ್ಡವಾಗಿ.

ಚರ್ಚಿನ ಮುಂದೆ ಬಸ್ಸು ನಿಂತಾಗ ನಾರ್ವಿಕ್ ಶಾಲೆಯ ಬ್ಯಾಂಡು ಹೆಪ್ಪುಗಟ್ಟಿದ ಬೆರಳುಗಳಿಂದ ಸ್ವಾಗತ ಗೀತೆ ಬಾರಿಸಿತು. ಕೋಚ್ ಬರ್ನೀಸ್ ಟಟಲ್ ಕಣ್ಣುಜ್ಜಿಕೊಂಡು ಇಳಿದಳು. ಎದುರಿಗೆ ಏಪ್ರನ್ ಕಟ್ಟಿದ ಥೆಲ್ಮಾ ಹಾಗನ್, ಅವಳ ಹಿಂದೆ ಆವಿಯಾಡುವ ಬಾಗಿಲು. ಕೋಚ್ ಅತ್ತಿತ್ತ ನೋಡಿ, ಕ್ರೀಡಾಂಗಣ ಎಲ್ಲಿ ಎಂದಳು. ಥೆಲ್ಮಾ, ಊಟ ಕೆಳಗಿನ ಹಾಲ್‌ನಲ್ಲಿ, ಕೈ ತೊಳೆದು ಬನ್ನಿ ಎಂದಳು. ಇದು ಒಮಾಹಾ ತಾನೇ ಎಂದಳು ಕೋಚ್. ಒಮಾಹಾಕ್ಕೆ ನೂರು ಮೈಲಿ, ಆದರೆ ಅಲ್ಲಿಯ ನೂಡಲ್ಸ್ ಇಷ್ಟು ಚೆನ್ನಾಗಿರಲ್ಲ ಎಂದಳು ಥೆಲ್ಮಾ.

ಕೋಚ್ ನಿಧಾನವಾಗಿ ಬಸ್ಸಿನ ಕಡೆ ತಿರುಗಿದಳು. ಡೆಲ್ಬರ್ಟ್ ಮೆಟ್ಟಿಲ ಮೇಲೆ, ಮೆರವಣಿಗೆಯ ಮದುಮಗನ ಹಾಗೆ ನಿಂತಿದ್ದ.

"ನೀನು ಬಸ್ ಕಂಪನಿಯವನಲ್ವಾ?"

"ಅಲ್ಲ ಮೇಡಂ. ಫರ್ನೇಸಿನವನು."

"ಮತ್ತೆ ಬಸ್ಸು ಯಾಕಯ್ಯಾ ಓಡಿಸ್ದೆ?"

"ನೀವು ಹತ್ತು ಅಂದ್ರಿ."

ಬ್ಯಾಂಡು ನಿಂತಿತು. ತುತ್ತೂರಿಯವನೊಬ್ಬ ಮಾತ್ರ ಗಮನಿಸದೆ ಇನ್ನೆರಡು ಸ್ವರ ಊದಿದ. ಗುಂಪಿನ ಮುಂದಿದ್ದ ಲೈಲ್ ಫೆನ್ಸ್ಕೆಗೆ ಇಡೀ ವೃತ್ತಿಜೀವನದಲ್ಲೇ ಇಂಥ ಟಪಾಲು ಬಂದಿರಲಿಲ್ಲ. ಅವನು ಮೆಲ್ಲಗೆ, ಎಲ್ಲರಿಗೂ ಕೇಳುವಂತೆ ವಿಚಾರಿಸಿದ: ಕೋಚ್ ಮೇಡಂಗೆ ನಮ್ಮ ಡೆಲ್ಬರ್ಟನ ಹೆಸರು ಗೊತ್ತಲ್ಲವೇ, ಬಹಳ ವರ್ಷದ ಪರಿಚಯವೇ? ಬರ್ನೀಸ್ ಟಟಲ್ ಕೆಂಗಣ್ಣಿನಿಂದ, "ಅಂಗಿ ಮೇಲೆ ಬರ್ದಿದೆಯಲ್ಲ, ಓದೋಕೆ ಬರಲ್ವಾ?" ಎಂದಳು. ನಾರ್ವಿಕ್ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬ್ಯಾಂಕಿನ ಮ್ಯಾನೇಜರು ತೆಗೆದಿದ್ದ ಟೋಪಿಯನ್ನು ಮತ್ತೆ ಹಾಕಿಕೊಂಡ. ನಗದೆ ಇದ್ದವಳು ಆರ್ಡಿಸ್ ಒಬ್ಬಳೇ. ಅವಳು ಗಂಡನ ಕೈಗೆ ಅವನ ಕೈಗವಸು ಕೊಟ್ಟು ಪಕ್ಕದಲ್ಲಿ ನಿಂತಳು.

ಒಮಾಹಾದ ಪಂದ್ಯ ತಪ್ಪಿದರೆ ಸೋತಂತೆ. ಆ ಲೀಗಿನಲ್ಲಿ ಎರಡು ಸಲ ಹಾಗಾದರೆ ತಂಡವನ್ನೇ ಮುಚ್ಚುತ್ತಿದ್ದರು. ಕೋಚ್ ಕೂಡಲೇ ಬಸ್ಸು ತಿರುಗಿಸು ಎಂದಳು. ಡೆಲ್ಬರ್ಟ್ ಸ್ಟೀರಿಂಗಿನ ಮುಂದೆ ಕೂತ. ಅಷ್ಟರಲ್ಲಿ ಶೆರಿಫನ ಕಡೆಯ ಪೊಲೀಸನೊಬ್ಬ ಹಿಮದಲ್ಲಿ ಜಾರುತ್ತ ಕಾರಿನಲ್ಲಿ ಬಂದು ಅಡ್ಡ ನಿಂತ. ಪಶ್ಚಿಮದ ಹೆದ್ದಾರಿ ಮುಚ್ಚಿದೆ, ಲಾರಿಗಳೂ ಬಸ್ಸುಗಳೂ ಗಾಲಿಯ ಮಟ್ಟಕ್ಕೆ ಹೂತು ನಿಂತಿವೆ, ಜನರನ್ನು ಹೊರಗೆ ತರಲು ಟ್ರ್ಯಾಕ್ಟರು ಹುಡುಕುತ್ತಿದ್ದೇವೆ ಎಂದ. ಈ ಬಸ್ಸು ಎಲ್ಲಿಂದ ಬಂತು, ಒಂದು ಗಂಟೆ ಮುಂಚೆ ಹೆದ್ದಾರಿ ಬಿಟ್ಟು ತಿರುಗುವ ಬುದ್ಧಿ ಯಾವ ಡ್ರೈವರನಿಗೆ ಬಂತು ಎಂದು ಕೇಳಿದ. ಎಲ್ಲರೂ ಡೆಲ್ಬರ್ಟನನ್ನು ನೋಡಿದರು. ಡೆಲ್ಬರ್ಟ್ ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ.

ಕೋಚ್ ಚರ್ಚಿನ ಫೋನಿನಿಂದ ಒಮಾಹಾಕ್ಕೆ ಮಾತಾಡಿದಳು. ಅಲ್ಲಿಯೂ ಹಿಮ; ಪಂದ್ಯವನ್ನು ಮುಂದಕ್ಕೆ ಹಾಕಿ ಬೀಗ ಜಡಿದಿದ್ದರು. ಅವಳು ಫೋನು ಇಟ್ಟು ಬಂದು ನೋಡಿದರೆ ಅವಳ ತಂಡ ಆಗಲೇ ಕೂತು ಉಣ್ಣುತ್ತಿತ್ತು. ಆಲೂಗಡ್ಡೆ ಮುದ್ದೆಯ ಮೇಲೆ ಕೋಳಿ ನೂಡಲ್ಸ್, ಕ್ಯಾರೆಟ್ ತುರಿ ಹುದುಗಿಸಿದ ಹಸಿರು ಜೆಲ್ಲಿ, ಆರು ಬಗೆಯ ಪೈ. ತಿಂಗಳುಗಟ್ಟಲೆ ಬಸ್ಸಿನಲ್ಲಿ ತಣ್ಣನೆಯ ಸ್ಯಾಂಡ್‌ವಿಚ್ ಅಗಿದಿದ್ದ ಹುಡುಗಿಯರು ಮಾತು ಬಿಟ್ಟಿದ್ದರು. ಲವೀನಿಯಾ ಮೂರನೆಯ ತಟ್ಟೆ ಮುಗಿಸಿ, ತನ್ನ ಅಜ್ಜಿ ತೀರಿಕೊಂಡ ಮೇಲೆ ಹೊಟ್ಟೆ ತುಂಬ ಉಂಡದ್ದು ಇವತ್ತೇ ಎಂದಳು. ಥೆಲ್ಮಾ ಹಾಗನ್ ನಾಲ್ಕನೆಯದನ್ನು ಬಡಿಸಿ, ಏಪ್ರನ್ನಿನ ಅಂಚಿನಲ್ಲಿ ಮೂಗು ಒರೆಸಿಕೊಂಡಳು.

ಆಟಗಾರ್ತಿಯರನ್ನು ಮನೆಮನೆಗೆ ಹಂಚಿಕೊಂಡರು. ಕ್ಲೂವರ್ ಮನೆಗೆ ಬಂದವಳು ಲವೀನಿಯಾ. ಅಲ್ಲಿದ್ದ ಯಾವ ಹಾಸಿಗೆಯೂ ಅವಳಿಗೆ ಸಾಲದೆ, ಆರ್ಡಿಸ್ ಎರಡು ಸೋಫಾಗಳನ್ನು ಜೋಡಿಸಿ ಹಾಸಿದಳು. ಭಾನುವಾರ ಬೆಳಗ್ಗೆ ಡೆಲ್ಬರ್ಟ್ ಬಸ್ಸಿನ ಕೆಳಗೆ ತೆವಳಿ ಹೋಗಿ ಹೀಟರ್ ಸರಿ ಮಾಡಿದ. ಅದೊಂದೇ ತನ್ನಿಂದ ಆಗುವ ಪ್ರಾಯಶ್ಚಿತ್ತ ಎಂದುಕೊಂಡಿದ್ದ. ಬೆಚ್ಚಗಿನ ಗಾಳಿ ಬಂದಾಗ ಕೋಚ್ ಬಸ್ಸಿನೊಳಗೆ ಕೈಯೊಡ್ಡಿ ಬಹಳ ಹೊತ್ತು ನಿಂತಳು. ಈ ಚಳಿಗಾಲದಲ್ಲಿ ಯಾರೂ ಕೇಳದೆ ಮಾಡಿಕೊಟ್ಟ ಮೊದಲ ಉಪಕಾರ ಇದು, ನಿನ್ನ ಮೇಲೆ ಕೂಗಿದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ ಎಂದಳು. ನೂರು ಜನ ನಕ್ಕಾಗ ಕೆಂಪಾಗದ ಡೆಲ್ಬರ್ಟನ ಕಿವಿಗಳು ಆಗ ಕೆಂಪಾದವು.

ದಾರಿ ಇನ್ನೂ ತೆರೆದಿರಲಿಲ್ಲ. ಉಂಡ ಋಣ ತೀರಿಸಬೇಕಲ್ಲ ಎಂದು ಕೋಚ್ ಮಧ್ಯಾಹ್ನ ಶಾಲೆಯ ಅಂಗಣದಲ್ಲಿ ಒಂದು ಆಟ ಇಟ್ಟಳು: ಊರಿನ ಹೆಂಗಸರು, ಲಾರ್ಕ್ಸ್, ಎರಡೂ ಕಡೆ ಬೆರೆಸಿ. ನಾರ್ವಿಕ್‌ನಲ್ಲಿ ಶಾಲೆಯಲ್ಲಿ ಆಡದ ಹೆಂಗಸು ಇರಲಿಲ್ಲ. ಶಾಲೆ ಮುಗಿದ ಮೇಲೆ ಆಡಿದವಳೂ ಇರಲಿಲ್ಲ. ಹದಿನೆಂಟಕ್ಕೆ ಚೆಂಡು ಕೆಳಗಿಟ್ಟರೆ ಮುಗಿಯಿತು, ಆಮೇಲೆ ಗಂಡ, ದನ, ಮಕ್ಕಳು. ಆ ಭಾನುವಾರ ಅಜ್ಜಿಯರೂ ಪೆಟ್ಟಿಗೆಯ ತಳದಿಂದ ಶೂಗಳನ್ನು ತೆಗೆದು ಬಂದರು. ಥೆಲ್ಮಾ ಹಾಗನ್ ಏಪ್ರನ್ನಿನಲ್ಲೇ ಇಳಿದು, ಲವೀನಿಯಾಳ ಹೊಟ್ಟೆಯ ಮಟ್ಟಕ್ಕೆ ಬರುತ್ತಿದ್ದರೂ ಅವಳನ್ನು ಒಂದು ಹೆಜ್ಜೆ ಮುಂದೆ ಬಿಡಲಿಲ್ಲ. ತನ್ನ ಮೇಲೆ ಕೊಟ್ಟ ಫೌಲನ್ನು ಒಪ್ಪಲೂ ಇಲ್ಲ.

ಆರ್ಡಿಸ್ ಲವೀನಿಯಾಳ ಪಕ್ಷ. ಚೆಂಡು ಆರ್ಡಿಸ್ ಕೈಗೆ ಬಂದಾಗ ಎದುರಿಗೆ ಯಾರೂ ಇರಲಿಲ್ಲ. ಅವಳು ಚೆಂಡು ಪುಟಿಸುತ್ತ ಓಡಿ ಅಂಗಣದ ಮಧ್ಯದ ಗೆರೆಗೆ ಬಂದವಳು ಗೋಡೆಗೆ ಬಡಿದಂತೆ ನಿಂತುಬಿಟ್ಟಳು.

ಹೊರಗಿನ ಹುಡುಗಿಯರಿಗೆ ಅರ್ಥವಾಗಲಿಲ್ಲ. ಊರಿನವರಿಗೆ ಹೇಳಬೇಕಿರಲಿಲ್ಲ. ಅಯೋವಾದ ಶಾಲೆಗಳಲ್ಲಿ ಹುಡುಗಿಯರದು ಆರಾರು ಜನರ ಆಟ: ಮೂವರು ಗೆರೆಯ ಈಚೆ ನಿಂತು ಕಾಯುವವರು, ಮೂವರು ಆಚೆ ನಿಂತು ಬುಟ್ಟಿಗೆ ಹಾಕುವವರು. ಗೆರೆ ದಾಟುವಂತಿಲ್ಲ. ಆರ್ಡಿಸ್ ನಾಲ್ಕು ವರ್ಷ ಕಾಯುವವಳಾಗಿದ್ದಳು. ಪಂದ್ಯದಲ್ಲಿ ಒಮ್ಮೆಯೂ ಬುಟ್ಟಿಗೆ ಚೆಂಡು ಎಸೆದವಳಲ್ಲ. ಎಸೆಯಬೇಕೆಂದು ಆಸೆಯಿತ್ತೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಮದುವೆಯಾಗಿ ಇಷ್ಟು ಕಾಲವಾದರೂ ಡೆಲ್ಬರ್ಟ್ ಕೂಡ. ಈಗ ಅವಳು ಶೂವಿನ ತುದಿ ಗೆರೆಗೆ ತಾಗಿಸಿಕೊಂಡು, ಚೆಂಡು ಹಿಡಿದು, ನೆಲ ನೋಡುತ್ತ ನಿಂತಿದ್ದಳು.

"ಆರ್ಡಿಸ್" ಎಂದ ಡೆಲ್ಬರ್ಟ್ ಬೆಂಚಿನ ಮೇಲಿಂದ. "ದಾಟು, ಆರ್ಡಿಸ್."

ಬದುಕಿನಲ್ಲಿ ಡೆಲ್ಬರ್ಟ್ ಕ್ಲೂವರ್ ಆಡಿದ ಮಾತುಗಳಲ್ಲಿ ಇಡೀ ಊರು ಒಪ್ಪಿ ಮತ್ತೊಮ್ಮೆ ಹೇಳಿದ್ದು ಅದೊಂದೇ. ಲೈಲ್ ಫೆನ್ಸ್ಕೆಯೂ ದನಿಗೂಡಿಸಿದ. ಆರ್ಡಿಸ್ ದಾಟಿದಳು. ಎಸೆದಳು. ಚೆಂಡು ಬುಟ್ಟಿಯಿಂದ ಮಾರು ದೂರ ಹೋಯಿತು. ಲವೀನಿಯಾ ಅದನ್ನು ಗಾಳಿಯಲ್ಲೇ ಹಿಡಿದು ಮತ್ತೆ ಅವಳ ಕೈಗೇ ಕೊಟ್ಟಳು. ಮತ್ತೆ ತಪ್ಪಿತು, ಮತ್ತೆ ಕೊಟ್ಟಳು. ಎದುರು ಪಕ್ಷದವರು ಕಾಯುವುದನ್ನು ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತರು. ಥೆಲ್ಮಾ ಹಾಗನ್, ಮೊಣಕೈ ಒಳಗೆ ತಾ ಹುಡುಗಿ ಎಂದು ಗದರಿದಳು. ಕೊನೆಗೆ ಚೆಂಡು ಕಬ್ಬಿಣದ ಬಳೆಯ ಮೇಲೆ ಉರುಳಿ, ಯೋಚಿಸಿ, ಒಳಗೆ ಬಿತ್ತು. ಆರ್ಡಿಸ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಲವೀನಿಯಾ ಅವಳನ್ನು ಮಗುವಿನಂತೆ ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದಳು. ಡೆಲ್ಬರ್ಟ್ ಎದ್ದು ನಿಂತಿದ್ದ. ಏಕೆ ಎದ್ದೆನೆಂಬುದು ತಿಳಿಯದೆ, ಯಾರಿಗೋ ಜಾಗ ಬಿಟ್ಟವನಂತೆ ಪಕ್ಕಕ್ಕೆ ಸರಿದು ಮತ್ತೆ ಕೂತ.

ಸೋಮವಾರ ದಾರಿ ತೆರೆಯಿತು. ಈ ಸಲ ಬಸ್ಸು ಹತ್ತುವ ಮೊದಲು ಕೋಚ್, ಡೆ ಮೊಯಿನ್, ಅಯೋವಾ ಎಂದು ಬಿಡಿಸಿ ಹೇಳಿದಳು. ಡೆಲ್ಬರ್ಟ್ ಅದನ್ನು ಗಟ್ಟಿಯಾಗಿ ಪುನರುಚ್ಚರಿಸಿದ ಮೇಲೆಯೇ ಬಾಗಿಲು ಮುಚ್ಚಿದಳು. ಅಲ್ಲಿ ಬಿಟ್ಟಿದ್ದ ತನ್ನ ಪಿಕಪ್ ತೆಗೆದುಕೊಂಡು ಅವನು ಸಂಜೆ ಮನೆ ಸೇರಿದ. ಆ ಲೀಗು ಮುಂದೆ ಬಹಳ ಕಾಲ ಬಾಳಲಿಲ್ಲ. ಮರುವರ್ಷದ ಚಳಿಗಾಲ ಕಳೆಯುವಷ್ಟರಲ್ಲಿ ಲಾರ್ಕ್ಸ್ ತಂಡವೂ ಚದುರಿಹೋಯಿತು. ಲವೀನಿಯಾ ತನ್ನ ಊರಿನಲ್ಲಿ ಶಾಲೆಯ ಹುಡುಗಿಯರಿಗೆ ಆಟ ಕಲಿಸತೊಡಗಿದಳೆಂದು ಕ್ರಿಸ್‌ಮಸ್ ಕಾರ್ಡಿನಲ್ಲಿ ಬರೆದಳು. ಅದನ್ನು ಲೈಲ್ ಫೆನ್ಸ್ಕೆ ಆರ್ಡಿಸ್‌ಗಿಂತ ಮೊದಲು ಓದಿದ.

ಆದರೆ ಆ ವಾರ ನಡೆದದ್ದು ಬೇರೆ. ಗುರುವಾರ ಸಂಜೆ ನಾರ್ವಿಕ್‌ನ ಹೆಂಗಸರೆಲ್ಲ ಶೂ ಕಟ್ಟಿಕೊಂಡು ಶಾಲೆಯ ಅಂಗಣಕ್ಕೆ ಹೊರಟರು, ಇನ್ನು ಪ್ರತಿ ಗುರುವಾರವೂ ಹೀಗೆಯೇ ಎಂದರು. ಊರಿನ ಗಂಡಸರು ಒಲೆಯ ಮುಂದೆ ನಿಂತು ಅದರ ಗುಂಡಿಗಳನ್ನು ಮೊದಲ ಬಾರಿ ಓದಿದರು. ಮೊಟ್ಟೆ ಬೇಯಲು ನೀರು ಬೇಕೇ ಎಂದು ಬ್ಯಾಂಕಿನ ಮ್ಯಾನೇಜರು ಎರಡು ಮನೆಗಳಿಗೆ ಫೋನು ಮಾಡಿ ಕೇಳಿದ. ಎಲ್ಲರೂ ಒಕ್ಕೊರಲಿನಿಂದ ಡೆಲ್ಬರ್ಟನನ್ನು ಬೈದರು.

ಡೆಲ್ಬರ್ಟ್ ಫರ್ನೇಸಿನವನು, ಬೆಂಕಿ ತನಗೆ ಗೊತ್ತು ಎಂಬ ಹಮ್ಮಿನಿಂದ ನೂಡಲ್ಸ್ ಬೇಯಿಸಿದ. ಆರ್ಡಿಸ್ ಬೆವರಿದ ಕೂದಲನ್ನು ಟವೆಲಿನಲ್ಲಿ ಸುತ್ತಿಕೊಂಡು, ಕೆನ್ನೆ ಕೆಂಪಗೆ ಮಾಡಿಕೊಂಡು ಬಂದು ಮೇಜಿನ ಮುಂದೆ ಕೂತಾಗ, ಪಾತ್ರೆಯಲ್ಲಿದ್ದದ್ದು ಒಂದೇ ತುಂಡಾಗಿ, ಕೆಳಗೆ ಕರಿ, ಮೇಲೆ ಹಸಿ ಆಗಿತ್ತು. ಇಬ್ಬರೂ ತಲೆ ಬಾಗಿಸಿ ಕೈ ಜೋಡಿಸಿದರು. ಊಟದ ಪ್ರಾರ್ಥನೆ ಡೆಲ್ಬರ್ಟನ ಬಾಯಲ್ಲಿ ದಿನವೂ ಒಂದೇ ಉಸಿರಿಗೆ ಮುಗಿಯುತ್ತಿತ್ತು. ಇವತ್ತು ಅವನು ಪಾತ್ರೆ ನೋಡಿದ. ಪ್ರಾಮಾಣಿಕ ಮನುಷ್ಯ, ಇದಕ್ಕಾಗಿ ದೇವರಿಗೆ ಕೃತಜ್ಞತೆ ಹೇಳಲು ಅವನಿಂದ ಆಗಲಿಲ್ಲ. ಹಾಗಾಗಿ ಬೇರೆ ಹುಡುಕಿ ಹೇಳತೊಡಗಿದ. ಹಿಮಕ್ಕಾಗಿ ವಂದನೆ ಎಂದ. ಮುಚ್ಚಿದ ಹೆದ್ದಾರಿಗಾಗಿ, ಆ ಡ್ರೈವರನ ಮೂತ್ರಪಿಂಡದ ಕಲ್ಲಿಗಾಗಿ, ಅದು ಈಗ ಹೊರಗೆ ಬಂದಿರಲಿ ಎಂದ. ಮಿಸಿಸಿಪಿಯಿಂದ ಬಂದ ಉದ್ದನೆಯ ಕೈಗಳಿಗಾಗಿ ಎಂದ. ಆಮೇಲೆ ಆರ್ಡಿಸ್ ಕಡೆ ನೋಡಿ ತಡೆದ. ಆದರೂ ಮುಂದೆ ಏನೋ ಹೇಳಲಿಕ್ಕಿತ್ತು, ತುಟಿ ಅಲುಗುತ್ತಿತ್ತು.

ಆರ್ಡಿಸ್ ಒಂದು ಕಣ್ಣು ತೆರೆದು ನೋಡಿದಳು. ಮತ್ತೆ ಮುಚ್ಚಿಕೊಂಡಳು.

"ಹೇಳು ಡೆಲ್ಬರ್ಟ್, ಹೇಳು. ಕೇಳ್ತಾ ಇದೀನಿ" ಎಂದಳು.